ತೋಟದ ಹಳದಿ ಜೇಡಕ್ಕೆ ಸ್ಪ್ರೇ ಹೊಡೆಯುವ ಮೊದಲು ಅದರ ಬಲೆ ನೋಡಿ

ಉಪ್ಪಳದಿಂದ ಬಾಯಾರಿಗೆ ಹೋಗುವ ರಸ್ತೆ ಬದಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಹಗ್ಗ, ಬಕೆಟು, ಪೈಪು, ಬಲ್ಬು, ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ, ಎಲ್ಲವೂ ಸ್ವಲ್ಪ ಸ್ವಲ್ಪ ಇಟ್ಟುಕೊಂಡಿದ್ದೇನೆ. ಕಳೆದ ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಟ್ಟ ಒಂದು ಮಧ್ಯಾಹ್ನ ಪರಿಚಯದ ಹಿರಿಯರೊಬ್ಬರು ಬಂದು ಮೊಬೈಲ್ ಮುಂದೆ ಹಿಡಿದರು. "ಮೋನೇ, ಇದಕ್ಕೆ ಹೊಡೆಯುವ ಸ್ಪ್ರೇ ಉಂಟಾ ನಿನ್ನಲ್ಲಿ? ದೊಡ್ಡ ಡಬ್ಬಿಯೇ ಕೊಡು."

ಫೋಟೋದಲ್ಲಿ ಕಪ್ಪು ಮೈಗೆ ಹಳದಿ ಗೆರೆಯ ಒಂದು ಜೇಡ. ಕಾಲು ಚಾಚಿದರೆ ಅಂಗೈಯಷ್ಟು ಅಗಲ. ಅವರ ಅಡಿಕೆ ತೋಟದಲ್ಲಿ ಎರಡು ಕಂಗಿನ ಮಧ್ಯೆ, ಸರಿಯಾಗಿ ಮುಖದ ಎತ್ತರಕ್ಕೆ ಬಲೆ ಕಟ್ಟಿದೆಯಂತೆ. ಅಡಿಕೆ ಹೆಕ್ಕಲು ಬರುವ ಹೆಂಗಸರು ತೋಟದೊಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಅದರ ಮೇಲೆ ಫ್ಯಾಮಿಲಿ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಬಂದಿದೆ. ಈ ಜಾತಿಯ ಎಟ್ಟುಕಾಲಿ ಕಚ್ಚಿದರೆ ಮೂರು ಗಂಟೆಯೊಳಗೆ ಸಾವು, ಎಲ್ಲರಿಗೂ ಶೇರ್ ಮಾಡಿ ಅಂತ. ಯಾರು ಮಾತಾಡಿದ್ದು, ಎಲ್ಲಿಂದ ಬಂದದ್ದು ಯಾರಿಗೂ ಗೊತ್ತಿಲ್ಲ.

ಡಬ್ಬಿ ಮಾರಿದರೆ ನನಗೆ ಲಾಭವೇ. ಆದರೆ ಆ ಜೇಡ ನನಗೆ ಗೊತ್ತಿತ್ತು. "ಇಚ್ಚ, ಸಂಜೆ ನಾನೇ ಬರ್ತೇನೆ, ಅಷ್ಟರ ತನಕ ಅದನ್ನು ಮುಟ್ಟಬೇಡಿ" ಎಂದೆ. ನಾನು ಓದಿದ್ದು ಬಿ.ಕಾಂ., ಜೀವಶಾಸ್ತ್ರ ಅಲ್ಲ. ಆದರೆ ಕೆಲವು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಜೇಡದ ಹೆಸರಿನಲ್ಲಿ ಒಂದು ತಪ್ಪು ಆಯಿತು, ಅದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನು ಓದುತ್ತಿದ್ದೇನೆ, ತೋಟದಲ್ಲಿ ಕಂಡದ್ದನ್ನು ನಿಂತು ನೋಡುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಈ ಜೇಡವನ್ನು ಜಯಂಟ್ ಗೋಲ್ಡನ್ ಆರ್ಬ್ ವೀವರ್ ಎನ್ನುತ್ತಾರೆ. ವಿಜ್ಞಾನದ ಹೆಸರು ನೆಫಿಲಾ ಪಿಲಿಪೆಸ್. ಬಲೆಯ ನೂಲಿಗೆ ನಿಜವಾಗಿಯೂ ಚಿನ್ನದ ಬಣ್ಣ ಇರುವುದರಿಂದ ನಾವು ಚಿನ್ನದ ಬಲೆಯ ಜೇಡ ಎನ್ನಬಹುದು. ನೆರಳಿನಲ್ಲಿ ನಿಂತು ನೋಡಿದರೆ ಆ ಬಣ್ಣ ಕಾಣಲಿಕ್ಕಿಲ್ಲ. ಬೆಳಗ್ಗಿನ ಬಿಸಿಲು ಅಡ್ಡ ಬೀಳುವಾಗ ನೋಡಿ, ಜರಿಯ ಎಳೆಯಂತೆ ಹೊಳೆಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಕಾಡು, ಅದರ ಬುಡದ ತೋಟ, ತೋಡಿನ ಬದಿ ಇದಕ್ಕೆ ಇಷ್ಟದ ಜಾಗ. ಮಳೆಗಾಲದ ಕೊನೆಯಿಂದ ಚಳಿ ಶುರುವಾಗುವ ತನಕ ದೊಡ್ಡದಾಗಿ ಬೆಳೆದು ಕಣ್ಣಿಗೆ ಬೀಳುತ್ತದೆ. ಅದಕ್ಕೇ ಪ್ರತಿ ವರ್ಷ ಆ ತಿಂಗಳುಗಳಲ್ಲೇ "ಹೊಸ ವಿಷಜೇಡ ಬಂದಿದೆ" ಎಂಬ ಸುದ್ದಿ ಏಳುವುದು. ಹೊಸದೇನೂ ಅಲ್ಲ. 1793ರಲ್ಲೇ ಫ್ಯಾಬ್ರಿಶಿಯಸ್ ಎಂಬ ವಿಜ್ಞಾನಿ ಇದನ್ನು ವರ್ಣಿಸಿ ಹೆಸರಿಟ್ಟಾಗಿದೆ.

ಗುರುತು ಹಿಡಿಯುವುದು ಕಷ್ಟ ಇಲ್ಲ. ಹೆಣ್ಣಿನ ಮೈ ಮಾತ್ರವೇ ಮೂರರಿಂದ ಐದು ಸೆಂಟಿಮೀಟರ್ ಉದ್ದ ಬರುತ್ತದೆ. ಹೊಟ್ಟೆ ಉರುಟು ಅಲ್ಲ, ಉದ್ದಕ್ಕೆ ಕೊಳವೆಯ ಹಾಗೆ. ಅದರ ಮೇಲೆ ಹಳದಿ ಗೆರೆಗಳು. ಕಾಲು ಕಪ್ಪು, ಗಂಟುಗಳ ಹತ್ತಿರ ಹಳದಿ. ತಲೆ ಕೆಳಗೆ ಮಾಡಿ, ಬಲೆಯ ನಡುವಿಗಿಂತ ಸ್ವಲ್ಪ ಮೇಲೆ, ಹಗಲು ರಾತ್ರಿ ಒಂದೇ ಜಾಗದಲ್ಲಿ ಕೂತಿರುತ್ತದೆ. ಬಲೆ ಒಂದು ಮೀಟರಿನಷ್ಟು ಅಗಲ ಆಗುವುದುಂಟು. ಹಾಳಾದ ಭಾಗವನ್ನು ಮಾತ್ರ ರಿಪೇರಿ ಮಾಡಿಕೊಂಡು ವಾರಗಟ್ಟಲೆ ಅಲ್ಲೇ ಸಂಸಾರ. ನೂಲು ಎಷ್ಟು ಗಟ್ಟಿ ಎಂದರೆ ಅಪರೂಪಕ್ಕೆ ಸಣ್ಣ ಹಕ್ಕಿಗಳೂ ಸಿಕ್ಕಿಬಿದ್ದದ್ದಿದೆ. ನಡೆಯುತ್ತಾ ಮುಖಕ್ಕೆ ತಾಗಿಸಿಕೊಂಡವರಿಗೆ ಆ ಗಟ್ಟಿತನ ನಾನು ಹೇಳಬೇಕಾಗಿಲ್ಲ.

ಅದೇ ಬಲೆಯ ಮೂಲೆಯಲ್ಲಿ ಸೂಕ್ಷ್ಮವಾಗಿ ನೋಡಿದರೆ ಇನ್ನೂ ಕೆಲವು ಜೇಡಗಳು ಕಾಣುತ್ತವೆ. ಅರ್ಧ ಸೆಂಟಿಮೀಟರಿನಷ್ಟಿರುವ ಕಂದು ಬಣ್ಣದ್ದು ಅದರ ಗಂಡು! ಹೆಚ್ಚಿನವರು ಅದನ್ನು ಮರಿ ಅಂದುಕೊಳ್ಳುತ್ತಾರೆ. ಬೆಳ್ಳಿಯ ಹನಿಯಂತೆ ಹೊಳೆಯುವ ಪುಟ್ಟದೊಂದು ಕಂಡರೆ ಅದು ಬೇರೆಯೇ ಜಾತಿ. ದೊಡ್ಡವಳು ಹಿಡಿದ ಬೇಟೆಯಲ್ಲಿ ಕದ್ದು ತಿನ್ನುವುದು ಅದರ ಕೆಲಸ. ಒಂದು ಬಲೆಯಲ್ಲಿ ಯಜಮಾನಿ, ಗಂಡ, ಕಳ್ಳ ಎಲ್ಲರೂ ಉಂಟು. ಹತ್ತು ನಿಮಿಷ ನಿಂತು ನೋಡಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಇದು ಆಳನ್ನು ಕೊಲ್ಲುತ್ತದೆಯೇ? ಇಲ್ಲ. ವಿಷ ಇಲ್ಲವೇ ಎಂದು ಕೇಳಿದರೆ, ಉಂಟು. ಬೆರಳೆಣಿಕೆಯ ಕೆಲವು ಗುಂಪು ಬಿಟ್ಟರೆ ಎಲ್ಲ ಜೇಡಕ್ಕೂ ವಿಷ ಉಂಟು, ನೊಣ, ಮಿಡತೆ, ಚಿಟ್ಟೆಯನ್ನು ಮಣಿಸಲಿಕ್ಕೆ ಬೇಕಾದಷ್ಟು. ಪ್ರಪಂಚದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜಾತಿಯ ಜೇಡಗಳನ್ನು ಗುರುತಿಸಿದ್ದಾರೆ. ಮನುಷ್ಯನಿಗೆ ನಿಜವಾಗಿ ಅಪಾಯ ಮಾಡಬಲ್ಲವು ಅದರಲ್ಲಿ ತೀರಾ ಕೆಲವು. ಚಿನ್ನದ ಬಲೆಯ ಜೇಡವನ್ನು ಕೈಯಲ್ಲಿ ಹಿಸುಕಿ ಹಿಡಿದರೆ ಕಚ್ಚೀತು. ಕಚ್ಚಿದರೆ ಆ ಜಾಗದಲ್ಲಿ ಉರಿ, ಕೆಂಪು, ಸ್ವಲ್ಪ ಬಾವು. ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ತಾನಾಗಿ ಬಲೆ ಬಿಟ್ಟು ಇಳಿದು ಬಂದು ನಮ್ಮನ್ನು ಕಚ್ಚುವ ಕೆಲಸ ಅದು ಮಾಡುವುದಿಲ್ಲ. ಅದರ ಕಣ್ಣು ಮಂದ, ನಾವು ಯಾರೆಂದೂ ಅದಕ್ಕೆ ಕಾಣುವುದಿಲ್ಲ. ಅದರ ಲೋಕವೆಲ್ಲ ಕಾಲಿನಡಿಯ ನೂಲಿನ ನಡುಕದಲ್ಲಿ. ಬಲೆ ಬಿಟ್ಟರೆ ಅದಕ್ಕೆ ಊಟವೂ ಇಲ್ಲ, ದಿಕ್ಕೂ ಇಲ್ಲ.

ಇಲ್ಲೇ ಒಂದು ಸುಲಭದ ಲೆಕ್ಕ ಉಂಟು. ಹುಡುಗರು ಇದನ್ನು ನೆನಪಿಟ್ಟುಕೊಂಡರೆ ಸಾಕು. ಜೇಡದ ಬಣ್ಣ, ಗಾತ್ರ ನೋಡುವ ಮೊದಲು ಬಲೆಯ ಆಕಾರ ನೋಡಿ. ಸೈಕಲ್ ಚಕ್ರದ ಕಡ್ಡಿಗಳ ಹಾಗೆ ನಡುವಿನಿಂದ ಹೊರಟ ಎಳೆಗಳು, ಅದರ ಮೇಲೆ ಸುತ್ತು ಸುತ್ತಾಗಿ ಅಂಟಿನ ಎಳೆ. ಹೀಗೆ ಗಾಳಿಯಲ್ಲಿ ನಿಂತ ಚಕ್ರಬಲೆಯ ಮಧ್ಯೆ ಕೂತದ್ದು ಎಷ್ಟೇ ದೊಡ್ಡದಿರಲಿ, ಎಷ್ಟೇ ಬಣ್ಣದ್ದಿರಲಿ, ನಮ್ಮ ಊರುಗಳಲ್ಲಿ ಅದಕ್ಕೆ ಹೆದರಬೇಕಾದ್ದಿಲ್ಲ.

ಎಚ್ಚರ ಬೇಕಾದವು ಚಕ್ರಬಲೆ ಕಟ್ಟುವುದೇ ಇಲ್ಲ. ಬ್ಲ್ಯಾಕ್ ವಿಡೋ ಎಂದು ಹೆಸರು ಕೇಳಿರಬಹುದು. ಆ ಕುಲದ ಜೇಡಗಳು ಭಾರತದಲ್ಲೂ ದಾಖಲಾಗಿವೆ. ಗೋಲಿಯಂತೆ ಉರುಟು ಹೊಟ್ಟೆ, ಹೊಳೆಯುವ ಕಪ್ಪು, ಕೆಂಪು ಗುರುತು. ಅದರ ಬಲೆ ಕಲ್ಲು, ಕಟ್ಟಿಗೆ, ಹಳೆ ಸಾಮಾನಿನ ಸಂದಿಯಲ್ಲಿ ಗೋಜಲು ಗೋಜಲು, ಆಕಾರವೇ ಇಲ್ಲ. ಇನ್ನೊಂದು, ಮೈತುಂಬಾ ರೋಮ ಇರುವ ದಪ್ಪ ಜೇಡ. ನೆಲದ ಬಿಲದಲ್ಲಿ, ಮರದ ಪೊಟರೆಯಲ್ಲಿ ಇರುತ್ತದೆ. ಮರದಲ್ಲಿರುವ ಕೆಲವು ಜಾತಿಯವು ಕಚ್ಚಿದರೆ ಭಾರೀ ನೋವು, ಸ್ನಾಯು ಹಿಡಿದುಕೊಳ್ಳುವುದೂ ಉಂಟು. ಪೊಟರೆಗೆ ಬರಿಗೈ ಹಾಕಬೇಡಿ, ಅಷ್ಟೇ.

ಇನ್ನು ಅಂಗಳಕ್ಕೆ ಬನ್ನಿ. ನಮ್ಮ ಉಮ್ಮನ ಬಸಳೆ ಚಪ್ಪರದ ಬುಡದಲ್ಲಿ ಪ್ರತಿ ವರ್ಷ ಬರುವ ಒಂದು ಜೇಡ ಉಂಟು. ಅದರ ಬಲೆಯ ನಡುವೆ ದಪ್ಪ ಬಿಳಿ ನೂಲಿನಲ್ಲಿ ಅಂಕುಡೊಂಕು ಗೆರೆ ಎಳೆದಿರುತ್ತದೆ, ಹೆಚ್ಚಾಗಿ ಗುಣಾಕಾರ ಚಿಹ್ನೆಯ ಆಕಾರದಲ್ಲಿ. ಯಾರೋ ಅವಸರದಲ್ಲಿ ಸಹಿ ಹಾಕಿ ಹೋದಂತೆ. ಅದಕ್ಕೇ ಇದರ ಹೆಸರು ಸಿಗ್ನೇಚರ್ ಸ್ಪೈಡರ್, ಸಹಿ ಜೇಡ. ಆರ್ಜಿಯೋಪೆ ಕುಲದ್ದು. ನಮ್ಮಲ್ಲಿ ಇದರ ಒಂದಕ್ಕಿಂತ ಹೆಚ್ಚು ಜಾತಿ ಉಂಟು, ತುಂಬಾ ಕಾಣುವುದು ಅನಸೂಜಾ ಎಂಬ ಜಾತಿ. ಹೆಣ್ಣಿನ ಮೈ ಒಂದು ಸೆಂಟಿಮೀಟರಿನ ಆಸುಪಾಸು. ಹೊಟ್ಟೆಯ ಮೇಲೆ ಹಳದಿ, ಬಿಳಿ, ಕಂದು ಪಟ್ಟೆ. ಎರಡೆರಡು ಕಾಲುಗಳನ್ನು ಜೋಡಿಸಿ ಆ ಗೆರೆಗಳ ಸಾಲಿನಲ್ಲೇ ಇಟ್ಟು ಕೂರುವುದರಿಂದ ದೂರಕ್ಕೆ ನಾಲ್ಕೇ ಕಾಲಿನ ಪ್ರಾಣಿಯಂತೆ ಕಾಣುತ್ತದೆ. ಹತ್ತಿರ ಹೋದರೆ ಇಡೀ ಬಲೆಯನ್ನು ಗಡಗಡ ಅಲುಗಿಸುತ್ತದೆ. ನೋಡುವವರಿಗೆ ಮೈಮೇಲೆ ಹಾರಲು ತಯಾರಾದಂತೆ ಅನಿಸಬೇಕು. ಹೆದರಿದ್ದು ಅದು, ನಾವಲ್ಲ.

ಆ ಬಿಳಿ ಗೆರೆ ಯಾತಕ್ಕೆ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ನೇರಳಾತೀತ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಸೆಳೆಯಲು ಎನ್ನುವವರಿದ್ದಾರೆ. ಹಕ್ಕಿಗಳು ಬಲೆಗೆ ಡಿಕ್ಕಿ ಹೊಡೆಯದಿರಲಿ ಎಂದು ಹಾಕಿದ ಬೋರ್ಡು ಎನ್ನುವವರೂ ಇದ್ದಾರೆ. ಅಂಗಡಿ ನಡೆಸುವವನಾಗಿ ನನಗೆ ಎರಡೂ ಅರ್ಥವಾಗುತ್ತದೆ, ಒಂದೇ ಬೋರ್ಡಿನಿಂದ ಗಿರಾಕಿಯನ್ನು ಕರೆಯಲೂಬಹುದು, ಬೇಡದವರನ್ನು ದೂರ ಇಡಲೂಬಹುದು!

ಇನ್ನೆರಡನ್ನು ಬೇಗ ಹೇಳಿಬಿಡುತ್ತೇನೆ. ಒಂದು, ಮುಳ್ಳು ಜೇಡ. ಉಗುರಿನಷ್ಟೂ ಇಲ್ಲ, ಆದರೆ ಗಟ್ಟಿ ಚಿಪ್ಪಿನಂಥ ಹೊಟ್ಟೆಯ ಸುತ್ತ ಆರು ಮುಳ್ಳು. ಆ ಮುಳ್ಳು ಹಕ್ಕಿಗಳು ನುಂಗದಿರಲಿ ಎಂದು, ನಮಗೆ ಚುಚ್ಚಲಿಕ್ಕಲ್ಲ. ಇನ್ನೊಂದು, ರಾತ್ರಿ ಸಿಟ್‌ಔಟಿನ ಲೈಟಿನ ಹತ್ತಿರ ಬಲೆ ಕಟ್ಟುವ ದಪ್ಪ ಹೊಟ್ಟೆಯ ಕಂದು ಜೇಡ. ಹಗಲು ಎಲೆಯ ಮಡಿಕೆಯಲ್ಲಿ ಅಡಗಿರುತ್ತದೆ, ಮಗ್ರಿಬಿನ ಹೊತ್ತಿಗೆ ಹೊರಬಂದು ಹೆಣೆಯಲು ಶುರು ಮಾಡುತ್ತದೆ. ಬೆಳಗಾಗುವಷ್ಟರಲ್ಲಿ ಹೆಚ್ಚಾಗಿ ಬಲೆ ಇರುವುದಿಲ್ಲ, ಹಳೆ ನೂಲನ್ನು ತಾನೇ ತಿಂದು ಮುಗಿಸಿರುತ್ತದೆ. ಎರಡೂ ಚಕ್ರಬಲೆಯವೇ, ಎರಡೂ ನಿರುಪದ್ರವಿ. ಮನೆಯೊಳಗೆ ಗೋಡೆ ಮೇಲೆ ಚಪ್ಪಟೆಯಾಗಿ ಓಡುವ ದೊಡ್ಡ ಜೇಡ ಬೇರೆ. ಅದು ಬಲೆಯನ್ನೇ ಕಟ್ಟುವುದಿಲ್ಲ, ಓಡಿಸಿಕೊಂಡು ಹೋಗಿ ಜಿರಳೆ ಹಿಡಿಯುತ್ತದೆ.

ಈಗ ನಮ್ಮ ಮನೆಯ ಕಥೆ. ನನ್ನ ಮಾಮನಿಗೆ ಅರವತ್ತು ದಾಟಿತ್ತು. ಒಂದು ದಿನ ಬಲಬದಿಯ ಪಕ್ಕೆಲುಬಿನ ಹತ್ತಿರ ಸುಡುವಂತಹ ನೋವು ಎಂದರು. ಎರಡು ದಿನದಲ್ಲಿ ಅಲ್ಲಿಂದ ಬೆನ್ನಿನ ತನಕ ಪಟ್ಟಿಯ ಹಾಗೆ ನೀರುಗುಳ್ಳೆ ಎದ್ದಿತು. ನೋಡಿದವರೆಲ್ಲ ಒಂದೇ ಮಾತು: ಮಲಗಿದ್ದಾಗ ಎಟ್ಟುಕಾಲಿ ಹರಿದಿದೆ, ಉಚ್ಚೆ ಹೊಯ್ದಿದೆ. ನಮ್ಮ ಊರಲ್ಲಿ, ಇಡೀ ಕೇರಳದಲ್ಲಿ, ಮಂಗಳೂರು ಕಡೆಯಲ್ಲೂ ಈ ನಂಬಿಕೆ ಎಷ್ಟು ಗಟ್ಟಿ ಎಂದು ನಿಮಗೆ ಗೊತ್ತುಂಟು. ಮೈಮೇಲೆ ಕಾರಣ ಗೊತ್ತಿಲ್ಲದ ಗುಳ್ಳೆ ಎದ್ದರೆ ಅದು ಚಿಲಂದಿ ವಿಷ. ಹಟ್ಟಿಯ ಮೂಲೆಯಲ್ಲಿದ್ದ ಜೇಡಗಳನ್ನೆಲ್ಲ ಅವತ್ತೇ ಹಿಡಿಸೂಡಿಯಲ್ಲಿ ಬಡಿದು ಕೊಂದೆವು. ನಾನೂ ಬಡಿದೆ. ಮಾಮನನ್ನು ವಿಷ ಇಳಿಸುವವರೊಬ್ಬರ ಹತ್ತಿರ ಕರಕೊಂಡು ಹೋದೆವು. ಒಂಬತ್ತು ದಿನ ಲೇಪ, ಪಥ್ಯ.

ಹತ್ತನೇ ದಿನ ನೋವು ತಡೆಯಲಾಗದೆ ಚರ್ಮದ ಡಾಕ್ಟರರ ಹತ್ತಿರ ಹೋದಾಗ ಅವರು ನೋಡಿದ ಕೂಡಲೇ ಹೇಳಿದರು, ಇದು ಸರ್ಪಸುತ್ತು, ಹರ್ಪಿಸ್ ಝೋಸ್ಟರ್. ಜೇಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಸರ್ಪಕ್ಕೂ ಇಲ್ಲ. ಸಣ್ಣವರಿದ್ದಾಗ ಚಿಕನ್ ಪಾಕ್ಸ್ ತಂದ ಅದೇ ವೈರಸ್ ನರದಲ್ಲಿ ಅಡಗಿದ್ದು, ವಯಸ್ಸಾದ ಮೇಲೆ, ಮೈ ಸೋತಾಗ ಎದ್ದು ಬರುತ್ತದೆ. ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಬರುವುದು ಅದರ ಗುರುತು. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರು ಮಾಡಿದರೆ ಹೆಚ್ಚು ಪ್ರಯೋಜನ. ಕಣ್ಣಿನ ಹತ್ತಿರ ಬಂದರಂತೂ ದೃಷ್ಟಿಗೇ ಅಪಾಯ, ಒಂದು ದಿನವೂ ಕಾಯಬಾರದು. ನಾವು ಹೋದಾಗ ಆ 72 ಗಂಟೆ ಯಾವಾಗಲೋ ಮುಗಿದಿತ್ತು. ಗುಳ್ಳೆ ಒಣಗಿತು, ನರದ ನೋವು ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಮಾಮನಿಗೆ ಬನಿಯನ್ ತಾಗಿದರೂ ಸಂಕಟ. ಬೇಗ ಹೋಗಿದ್ದರೆ ಪೂರ್ತಿ ತಪ್ಪುತ್ತಿತ್ತು ಎಂದು ಹೇಳಲಾಗದು, ಆದರೆ ಆ ಒಂಬತ್ತು ದಿನವನ್ನು ನಾವೇ ಜೇಡದ ಹೆಸರಿನಲ್ಲಿ ಕಳೆದದ್ದಂತೂ ಸತ್ಯ.

ಜೇಡದ ತಲೆಗೆ ಕಟ್ಟುವ ಇನ್ನೊಂದು ಗುಳ್ಳೆ ಉಂಟು. ಮಳೆ ಬಂದು ನಿಂತ ರಾತ್ರಿಗಳಲ್ಲಿ ಟ್ಯೂಬ್‌ಲೈಟಿಗೆ ಒಂದು ಸಣ್ಣ ಉದ್ದನೆಯ ಹುಳ ಬರುತ್ತದೆ, ಇರುವೆಯ ಹಾಗೆ, ಒಂದು ಸೆಂಟಿಮೀಟರಿಗಿಂತ ಸಣ್ಣದು, ಕಪ್ಪು ಮತ್ತು ಕಿತ್ತಳೆ ಪಟ್ಟೆ. ಪೀಡರಸ್ ಎಂಬ ಜೀರುಂಡೆ. ಅದು ಕಚ್ಚುವುದಿಲ್ಲ. ನಾವು ಕೈಯಿಂದ ಒರಸಿ ಅಥವಾ ಹೊಡೆದು ಮೈಮೇಲೇ ಹಿಂಡಿದಾಗ ಅದರೊಳಗಿನ ರಸ ಚರ್ಮವನ್ನು ಸುಡುತ್ತದೆ. ಮರುದಿನವೋ ಅದರ ಮರುದಿನವೋ ಬರೆ ಎಳೆದಂತೆ ಕೆಂಪಾಗಿ ಗುಳ್ಳೆ ಏಳುತ್ತದೆ. ಅಷ್ಟು ಹೊತ್ತಿಗೆ ಹುಳ ಯಾರಿಗೂ ನೆನಪಿರುವುದಿಲ್ಲ, ಮಾಡಿನ ಮೂಲೆಯಲ್ಲಿ ಜೇಡ ಕಣ್ಣೆದುರೇ ಇರುತ್ತದೆ. ಶಿಕ್ಷೆ ಅದಕ್ಕೆ. ಆ ಹುಳ ಮೈಮೇಲೆ ಕೂತರೆ ಊದಿ ಹಾರಿಸಿ, ಹಿಂಡಬೇಡಿ. ತಾಗಿದ ಜಾಗವನ್ನು ಕೂಡಲೇ ಸಾಬೂನು ನೀರಲ್ಲಿ ತೊಳೆಯಿರಿ.

ನಿಜವಾಗಿ ಜೇಡವೇ ಕಚ್ಚಿದರೆ? ಸಾಬೂನು ಹಾಕಿ ತೊಳೆಯಿರಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಬ್ಲೇಡಿನಲ್ಲಿ ಕೊಯ್ಯುವುದು, ಬಿಗಿದು ಕಟ್ಟುವುದು, ಬಾಯಿಯಿಂದ ಹೀರುವುದು ಏನೂ ಬೇಡ. ಉಸಿರಾಟಕ್ಕೆ ತೊಂದರೆ, ವಾಂತಿ, ಜ್ವರ, ಮೈ ಸೆಡೆತ, ಏರುತ್ತಲೇ ಹೋಗುವ ಬಾವು, ಇದರಲ್ಲಿ ಯಾವುದು ಕಂಡರೂ ನೇರ ಆಸ್ಪತ್ರೆ. ಸಾಧ್ಯವಾದರೆ ಜೇಡದ ಫೋಟೋ ಇರಲಿ.

ಇನ್ನು ಸ್ಪ್ರೇ. ನಾನು ಮಾರುವವನೇ, ಆದ್ದರಿಂದ ಹೇಳುವ ಹಕ್ಕು ಉಂಟು. ಜಿರಳೆ, ಸೊಳ್ಳೆಗೆ ಹೊಡೆಯುವ ಹೆಚ್ಚಿನ ಡಬ್ಬಿಗಳಲ್ಲಿ ಇರುವುದು ಪೈರೆಥ್ರಾಯ್ಡ್ ಎಂಬ ಜಾತಿಯ ಔಷಧ. ತೋಟದಲ್ಲಿ ಹೊಡೆದರೆ ಜೇಡ ಸಾಯುತ್ತದೆ, ಜೊತೆಗೆ ಅಲ್ಲಿದ್ದ ಜೇನುನೊಣವೂ. ಪಕ್ಕದ ತೋಡಿಗೆ ಸೇರಿದರೆ ಮೀನಿಗೂ ಅದು ಕಡು ವಿಷ. ವಿಷ ಮೇಲಿಂದ ಬಿದ್ದರೆ ಏನಾಗುತ್ತದೆ ಎಂದು ಕಾಸರಗೋಡಿನವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆ, ಪಡ್ರೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸುವ ಹೊತ್ತಿಗೆ ಎಷ್ಟು ಮನೆಗಳ ಬದುಕು ಮುರಿದಿತ್ತು ಎಂದು ನಾವು ನೋಡಿದ್ದೇವೆ. ಒಂದು ಸ್ಪ್ರೇ ಡಬ್ಬಿಯನ್ನು ಅದಕ್ಕೆ ಹೋಲಿಸುತ್ತಿಲ್ಲ. ಆದರೆ ಹೆದರಿಕೆಯಾದ ಕೂಡಲೇ ವಿಷಕ್ಕೆ ಕೈ ಹಾಕುವ ಅಭ್ಯಾಸ ನಮ್ಮ ಜಿಲ್ಲೆಗೆ ಮಾತ್ರ ಬೇಡ.

ಹಾಗೆಂದು ಜೇಡವನ್ನು ತೋಟದ ಕಾವಲುಗಾರ ಎಂದು ಹೊಗಳಿ ಬರೆಯುವವರ ಜೊತೆ ನಾನು ಪೂರ್ತಿ ಇಲ್ಲ. ಅದು ಮಿಡತೆ, ನೊಣವನ್ನೂ ತಿನ್ನುತ್ತದೆ, ಚಿಟ್ಟೆ, ಜೇನುನೊಣವನ್ನೂ ತಿನ್ನುತ್ತದೆ. ಬಲೆಗೆ ಬಿದ್ದದ್ದು ಅದರ ಪಾಲು. ಯಾರ ಪರವಾಗಿಯೂ ಅದು ಅಲ್ಲಿ ಕೂತಿಲ್ಲ.

ನಮ್ಮ ಮನೆಗಳಲ್ಲಿ ಸೌರ್ ಗುಹೆಯ ಬಾಯಿಯಲ್ಲಿ ಬಲೆ ಕಟ್ಟಿದ ಜೇಡದ ಕಥೆ ಕೇಳದೆ ಬೆಳೆದ ಮಕ್ಕಳಿಲ್ಲ. ಕುರ್‌ಆನಿನ 29ನೇ ಅಧ್ಯಾಯಕ್ಕೆ ಅದರದೇ ಹೆಸರು. ಕಥೆ ಹೇಳಿದ ಉಮ್ಮನ ಕೈಯಲ್ಲೇ ಬೆಳಗ್ಗೆ ಹಿಡಿಸೂಡಿ ಇರುತ್ತದೆ, ಅದು ಬೇರೆ ಮಾತು. ಮನೆಯೊಳಗಿನ ಜೇಡರ ಬಲೆ ತೆಗೆಯುವುದು ಬೇಡ ಎಂದು ಉಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ. ಹೊರಗಿನದ್ದಕ್ಕೆ ಮಾತ್ರ ವಕಾಲತ್ತು ಮಾಡುತ್ತಿದ್ದೇನೆ.

ಹುಡುಗರಿಗೆ ಒಂದು ಮಾತು. ಹೇಗೂ ಕೈಯಲ್ಲಿ ಮೊಬೈಲ್ ಉಂಟು. ಜೇಡದ ಬೆನ್ನಿನ ಬದಿ ಒಂದು, ಹೊಟ್ಟೆಯ ಬದಿ ಒಂದು, ಇಡೀ ಬಲೆ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ಬಲೆ ಕಾಣದಿದ್ದರೆ ಅದರ ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಐನ್ಯಾಚುರಲಿಸ್ಟ್ ಎಂಬ ಆ್ಯಪಿನಲ್ಲಿ ಹಾಕಿದರೆ ಗೊತ್ತಿರುವವರು ಜಾತಿ ಹೇಳುತ್ತಾರೆ. ಕೇರಳದಲ್ಲೇ ತೇವರದ ಸೇಕ್ರೆಡ್ ಹಾರ್ಟ್ ಕಾಲೇಜು, ಇರಿಂಞಾಲಕುಡದ ಕ್ರೈಸ್ಟ್ ಕಾಲೇಜಿನಲ್ಲಿ ಜೇಡಗಳ ಮೇಲೆಯೇ ಸಂಶೋಧನೆ ಮಾಡುವವರಿದ್ದಾರೆ. ಪ್ಲಸ್ ಟೂ ಆದ ಮೇಲೆ ಎಲ್ಲರೂ ಬಿ.ಕಾಂ. ಮಾಡಿ ನನ್ನ ಹಾಗೆ ಅಂಗಡಿಯಲ್ಲಿ ಕೂರಬೇಕೆಂದೇನೂ ಇಲ್ಲ. ಚಿನ್ನದ ನೂಲಿನ ಮಾತು ಬಂದಾಗ ಯಾರಾದರೂ ವ್ಯಾಪಾರದ ಐಡಿಯಾ ಹಾಕಿಯಾರು, ಅದಕ್ಕೂ ಉತ್ತರ ಉಂಟು. ಮಡಗಾಸ್ಕರಿನಲ್ಲಿ ಇದರ ನೆಂಟ ಜಾತಿಯ ಹತ್ತು ಲಕ್ಷಕ್ಕೂ ಹೆಚ್ಚು ಜೇಡಗಳ ನೂಲಿನಿಂದ ಒಂದೇ ಒಂದು ಮೇಲಂಗಿ ನೇಯ್ದು, 2012ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಪ್ರದರ್ಶಿಸಿದರು. ಲಾಭ ನಷ್ಟದ ಲೆಕ್ಕ ನೀವೇ ಹಾಕಿಕೊಳ್ಳಿ.

ಅವತ್ತು ಸಂಜೆ ಅಸರ್ ಮುಗಿಸಿ ಆ ತೋಟಕ್ಕೆ ಹೋದೆ. ಹಿರಿಯರು, ಅವರ ಮೊಮ್ಮಕ್ಕಳು, ಅಡಿಕೆ ಹೆಕ್ಕುವ ಇಬ್ಬರು ಹೆಂಗಸರು ಎಲ್ಲ ಹತ್ತು ಅಡಿ ದೂರ ನಿಂತಿದ್ದರು. ಬಿಸಿಲು ಅಡ್ಡ ಬೀಳುತ್ತಿತ್ತು, ಚಿನ್ನದ ಬಣ್ಣ ತೋರಿಸಲಿಕ್ಕೆ ಕಷ್ಟವಾಗಲಿಲ್ಲ. ಒಂದು ಹುಲ್ಲಿನ ಕಡ್ಡಿಯಲ್ಲಿ ಬಲೆಯ ಅಂಚನ್ನು ಮೆಲ್ಲಗೆ ಮುಟ್ಟಿದೆ. ಜೇಡ ನಮ್ಮ ಕಡೆ ಬರಲಿಲ್ಲ, ಮೇಲಕ್ಕೆ ಹತ್ತಿ ಕಂಗಿನ ಬದಿಗೆ ಸರಿಯಿತು. "ಅದೇ ಓಡುತ್ತದಲ್ಲ!" ಎಂದ ಒಬ್ಬ ಹುಡುಗ. ಗಂಡು ಜೇಡವನ್ನು ತೋರಿಸಿದಾಗ ಆ ಹೆಂಗಸರಿಬ್ಬರು ನಕ್ಕದ್ದು ಎಷ್ಟು ಎಂದರೆ, ಹೆದರಿಕೆ ಅಲ್ಲೇ ಅರ್ಧ ಇಳಿಯಿತು. ಎರಡೂ ಕಂಗಿಗೆ ಒಂದೊಂದು ಕೆಂಪು ಬಟ್ಟೆ ತುಂಡು ಕಟ್ಟಿ, ನಡೆಯುವ ದಾರಿಯನ್ನು ಒಂದು ಸಾಲು ಆಚೆಗೆ ಬದಲಿಸಿದೆವು. ಡಬ್ಬಿ ಖರ್ಚಾಗಲಿಲ್ಲ.

ಡಿಸೆಂಬರಿನಲ್ಲಿ ಅವರೇ ಅಂಗಡಿಗೆ ಬಂದು, "ಮೋನೇ, ನಿನ್ನ ಜೇಡ ಕಾಣುವುದಿಲ್ಲ" ಎಂದರು. ಬಲೆ ಹರಿದು ಜೋತಾಡುತ್ತಿದೆಯಂತೆ. ಇದರ ಹೆಣ್ಣು ನೆಲಕ್ಕಿಳಿದು ಮಣ್ಣಿನಲ್ಲಿ ಸಣ್ಣ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಆ ಎರಡು ಕಂಗಿನ ಬುಡವನ್ನು ಈ ವರ್ಷ ಅಗೆಯಬೇಡಿ ಎಂದೆ. "ಬಟ್ಟೆ ತುಂಡು ಬಿಚ್ಚಬೇಕಾ?" ಎಂದು ಕೇಳಿದರು. ಇರಲಿ ಎಂದೆ.